ತಿರುಚಿದ ಅಂಡಾಶಯ ಮತ್ತೆ ತಿರುಚದಂತೆ

ಎರಡು ಕಂಬಗಳ ನಡುವೆ ಹಳೆಯ ಸೀರೆಯನ್ನು ಕಟ್ಟಿ, ಅದರ ಮಡಿಲಲ್ಲಿ ಕೂಸನ್ನು ಮಲಗಿಸಿ ತೂಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸೀರೆಯ ತುದಿಗಳು ಗಿಡ್ಡವಾಗಿ, ಬಿಗಿಯಾಗಿ ಇದ್ದರೆ ಕೂಸು ಎಷ್ಟು ಹೊರಳಾಡಿದರೂ ಜೋಲಿ ಮಗುಚುವುದಿಲ್ಲ. ತುದಿಗಳನ್ನು ಉದ್ದಕ್ಕೆ ಬಿಟ್ಟು ಸಡಿಲವಾಗಿ ಕಟ್ಟಿದರೆ ಮಾತ್ರ ಅದು ಒಂದು ಬದಿಗೆ ಮಗುಚಿ, ಎರಡು ಕಡೆಯ ಬಟ್ಟೆಯೂ ಹಗ್ಗದಂತೆ ಹುರಿಗೊಳ್ಳಬಹುದು. ಮನೆಯ ಹಿರಿಯರು ಕೂಸನ್ನು ಮಲಗಿಸುವ ಮೊದಲು ಗಂಟನ್ನು ಒಮ್ಮೆ ಎಳೆದು ನೋಡುವುದು ಇದಕ್ಕಾಗಿಯೇ.

ಸ್ತ್ರೀಯರ ಕಿಬ್ಬೊಟ್ಟೆಯಲ್ಲಿ, ಗರ್ಭಕೋಶದ ಎಡಕ್ಕೊಂದು ಬಲಕ್ಕೊಂದು, ಇಂಥವೇ ಎರಡು ಜೋಲಿಗಳಿವೆ. ಅವುಗಳಲ್ಲಿ ಮಲಗಿರುವ ಕೂಸುಗಳೇ ಅಂಡಾಶಯಗಳು. ಈ ಜೋಲಿಗಳೂ ಒಮ್ಮೊಮ್ಮೆ ಮಗುಚುತ್ತವೆ. ಮಗುಚಿದ ಅಂಡಾಶಯವನ್ನು ಬಿಡಿಸಿ ಸರಿಪಡಿಸುವುದು ಹೇಗೆ, ಅದು ಇನ್ನೊಮ್ಮೆ ಮಗುಚದಂತೆ ಶಸ್ತ್ರವೈದ್ಯರು ಏನು ಮಾಡಬಲ್ಲರು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಹರೆಯದ ಹುಡುಗಿಯರಿಗೂ, ಅಪರೂಪಕ್ಕೆ ಎಳೆಯ ಮಕ್ಕಳಿಗೂ ಬರುವ ತೊಂದರೆಯಾದುದರಿಂದ ವಿದ್ಯಾರ್ಥಿಗಳು ಇದನ್ನು ಸಂಕೋಚವಿಲ್ಲದೆ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಅಂಗರಚನೆ. ಪ್ರಾಯದ ಸ್ತ್ರೀಯ ಅಂಡಾಶಯವು ಬಾದಾಮಿಯ ಆಕಾರದ್ದು. ಉದ್ದ ಸುಮಾರು 3 ಸೆಂಟಿಮೀಟರು, ತೂಕ ಕೆಲವೇ ಗ್ರಾಮು. ಇಷ್ಟು ಸಣ್ಣ ವಸ್ತುವಿನೊಳಗೆ ಹೆಣ್ಣುಮಗು ಹುಟ್ಟುವಾಗಲೇ ಹತ್ತು ಲಕ್ಷದ ಲೆಕ್ಕದಲ್ಲಿ ಅಂಡದ ಮೂಲಕಣಗಳು ಅಡಗಿರುತ್ತವೆ. ಹರೆಯಕ್ಕೆ ಬರುವ ಹೊತ್ತಿಗೆ ಉಳಿಯುವುದು ಮೂರು ನಾಲ್ಕು ಲಕ್ಷ. ಅವುಗಳಲ್ಲಿ ಮಾಗಿ ಹೊರಬೀಳುವುದು ಜೀವಮಾನದಲ್ಲಿ ನಾನೂರರಷ್ಟು ಮಾತ್ರ. ಹೊಸದಾಗಿ ಈ ಕಣಗಳನ್ನು ಹುಟ್ಟಿಸಿಕೊಳ್ಳುವ ಶಕ್ತಿ ದೇಹಕ್ಕಿಲ್ಲ, ಕಳೆದದ್ದು ಕಳೆದಂತೆಯೇ.

ಅಂಡಾಶಯವನ್ನು ಹಿಡಿದಿರುವ ಕಟ್ಟುಗಳು ಮುಖ್ಯವಾಗಿ ಎರಡು. ಒಳಬದಿಯಲ್ಲಿ ಅದನ್ನು ಗರ್ಭಕೋಶದ ಮೂಲೆಗೆ ಬಿಗಿಯುವ ನಾರಿನಂಥ ಗಿಡ್ಡ ಕಟ್ಟು ಒಂದು. ಇದನ್ನು ಒಳಕಟ್ಟು ಎನ್ನೋಣ. ಹೊರಬದಿಯಲ್ಲಿ ಶ್ರೋಣಿಯ, ಎಂದರೆ ಸೊಂಟದೆಲುಬಿನ ಬಟ್ಟಲಿನ, ಗೋಡೆಯಿಂದ ಅದನ್ನು ತೂಗಿಬಿಟ್ಟಿರುವ ಹೊರಕಟ್ಟು ಇನ್ನೊಂದು. ಈ ಹೊರಕಟ್ಟು ಬರಿಯ ಕಟ್ಟಲ್ಲ. ಅಂಡಾಶಯಕ್ಕೆ ರಕ್ತವನ್ನು ತರುವ ಧಮನಿಯೂ ಹಿಂದಕ್ಕೊಯ್ಯುವ ಸಿರೆಯೂ ಇದರೊಳಗೇ ಹಾದುಬರುತ್ತವೆ. ಧಮನಿ ಹುಟ್ಟುವುದು ಹತ್ತಿರದಲ್ಲೆಲ್ಲೂ ಅಲ್ಲ, ಬಹು ಮೇಲೆ, ಮೂತ್ರಪಿಂಡಗಳ ಧಮನಿಗಳು ಕವಲೊಡೆಯುವ ಜಾಗಕ್ಕೆ ಸ್ವಲ್ಪ ಕೆಳಗೆ, ಮಹಾಧಮನಿಯಲ್ಲಿ. ಸೊಂಟದ ಬಟ್ಟಲಿನಲ್ಲಿರುವ ಅಂಗಕ್ಕೆ ಇಷ್ಟು ದೂರದಿಂದ ರಕ್ತವೇಕೆ ಬರಬೇಕು? ಭ್ರೂಣದಲ್ಲಿ ಅಂಡಾಶಯ ರೂಪುಗೊಳ್ಳುವುದು ಮೂತ್ರಪಿಂಡಗಳ ಮಗ್ಗುಲಿನಲ್ಲಿಯೇ. ಶಿಶು ಬೆಳೆದಂತೆ ಅದು ಕೆಳಗಿಳಿದು ಬರುತ್ತದೆ. ಬರುವಾಗ ತನ್ನ ರಕ್ತನಾಳಗಳನ್ನೂ ಹಿಂದೆ ಎಳೆದುಕೊಂಡು ಬರುತ್ತದೆ. ಗಂಡನ ಮನೆಗೆ ಬಂದ ಹೆಣ್ಣಿಗೆ ತವರಿನ ನಂಟು ತಪ್ಪದಿರುವಂತೆ ಅಂಡಾಶಯಕ್ಕೂ ಅದರ ತವರಿನ ನಂಟು ಉಳಿದಿದೆಯೆನ್ನಬಹುದು. ಗರ್ಭಕೋಶದ ಧಮನಿಯ ಒಂದು ಕವಲೂ ಒಳಬದಿಯಿಂದ ಬಂದು ಸೇರುವುದರಿಂದ ಅಂಡಾಶಯಕ್ಕೆ ಎರಡು ಕಡೆಯಿಂದ ರಕ್ತ ದೊರೆಯುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನ ತಿಳಿಯುತ್ತದೆ.

ಇನ್ನು ತಿರುಚುವಿಕೆಯ ವಿಚಾರ. ಒಂದೇ ಪದಾರ್ಥದ, ಒಂದೇ ದಪ್ಪದ ಎರಡು ತಂತಿಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಉದ್ದವಾಗಿದ್ದರೆ, ಉದ್ದನೆಯದನ್ನು ಅದೇ ಕೋನದಷ್ಟು ತಿರುಚಲು ಅರ್ಧದಷ್ಟು ತಿರುಗುಬಲ ಸಾಕೆಂದು ಭೌತಶಾಸ್ತ್ರ ಹೇಳುತ್ತದೆ. ದೇಹದ ಕಟ್ಟುಗಳು ಉಕ್ಕಿನ ತಂತಿಗಳಲ್ಲ, ನಿಜ. ಆದರೂ ನಿಯಮದ ಸಾರ ಇಲ್ಲಿಗೂ ಹೊಂದುತ್ತದೆ. ಕರವಸ್ತ್ರದ ನಡುವೆ ನಿಂಬೆಹಣ್ಣನ್ನಿಟ್ಟು, ಎರಡು ತುದಿಗಳನ್ನು ಎರಡು ಕುರ್ಚಿಗಳಿಗೆ ಕಟ್ಟಿ, ಹಣ್ಣನ್ನು ಬೆರಳಿನಿಂದ ಸುತ್ತಿ ನೋಡಿದರೆ ಯಾರಿಗಾದರೂ ಇದು ಮನದಟ್ಟಾಗುತ್ತದೆ. ಕುರ್ಚಿಗಳನ್ನು ಹತ್ತಿರಕ್ಕೆ ತಂದು ಬಟ್ಟೆಯನ್ನು ಜೋಲುಬಿಟ್ಟಾಗ ಹಣ್ಣು ಸಲೀಸಾಗಿ ಸುತ್ತುತ್ತದೆ. ದೂರ ಸರಿಸಿ ಬಿಗಿದಾಗ ಮೊಂಡು ಹಿಡಿಯುತ್ತದೆ. ನಿಂಬೆಯ ಬದಲು ದೊಡ್ಡ ಮೂಸಂಬಿಯನ್ನಿಟ್ಟರೆ ಅದು ತನ್ನ ತೂಕದಿಂದಲೇ ಒಂದು ಬದಿಗೆ ಉರುಳಲು ಹವಣಿಸುವುದನ್ನೂ ಕಾಣಬಹುದು.

ಅಂಡಾಶಯಗಳಲ್ಲಿಯೂ ಇವೆರಡೇ ಕಾರಣಗಳು. ದೊಡ್ಡವರಲ್ಲಿ ಸಾಮಾನ್ಯವಾಗಿ ಭಾರ ಕಾರಣವಾಗುತ್ತದೆ: ಅಂಡಾಶಯದಲ್ಲಿ ದ್ರವ ತುಂಬಿದ ಚೀಲವೊಂದು, ವೈದ್ಯರು ಸಿಸ್ಟ್ ಎನ್ನುವುದು, 5 ಸೆಂಟಿಮೀಟರಿಗಿಂತ ದೊಡ್ಡದಾಗಿ ಬೆಳೆದಾಗ ಅಪಾಯ ಹೆಚ್ಚು. ಒಳಗೆ ಕೂದಲು, ಕೊಬ್ಬು, ಒಮ್ಮೊಮ್ಮೆ ಹಲ್ಲನ್ನೂ ತುಂಬಿಕೊಂಡು ಬೆಳೆಯುವ ಡರ್ಮಾಯ್ಡ್ ಎಂಬ ವಿಚಿತ್ರ ಗಂತಿಯೂ ಇಂಥದೇ ತುಂಟ. ಮಕ್ಕಳಾಗಲೆಂದು ಕೊಡುವ ಔಷಧಿಗಳಿಂದ ಅಂಡಾಶಯ ಊದಿಕೊಂಡಾಗಲೂ, ಬಸುರಿನಲ್ಲಿಯೂ ಇದು ಸಂಭವಿಸುವುದುಂಟು. ಎಳೆಯ ಹುಡುಗಿಯರಲ್ಲಾದರೋ ಯಾವ ಗಂತಿಯೂ ಇಲ್ಲದ ಅಂಡಾಶಯವೇ ತಿರುಚಿಕೊಳ್ಳುವ ನಿದರ್ಶನಗಳು ಬಹಳ. ಅವರಲ್ಲಿ ಗರ್ಭಕೋಶ ಇನ್ನೂ ಚಿಕ್ಕದು. ಕಟ್ಟುಗಳು ಅದರ ಅಳತೆಗೆ ಮೀರಿ ಉದ್ದವಾಗಿರಬಹುದು. ಎಡಕ್ಕಿಂತ ಬಲಗಡೆ ಈ ತೊಂದರೆ ಹೆಚ್ಚು. ಎಡಗಡೆ ದೊಡ್ಡ ಕರುಳಿನ ಕೊನೆಯ ಸುರುಳಿ ಜಾಗವನ್ನು ಆಕ್ರಮಿಸಿಕೊಂಡು ಅಂಡಾಶಯಕ್ಕೆ ಹೊರಳಲು ಎಡೆಗೊಡದಿರುವುದು ಇದಕ್ಕೆ ಕಾರಣವೆಂದು ಹೇಳುತ್ತಾರೆ.

ಇಲ್ಲೊಂದು ಕುತೂಹಲದ ಸಂಗತಿಯುಂಟು. ಕ್ಯಾನ್ಸರಿನ ಗಂತಿಗಳೂ, ಗರ್ಭಕೋಶದ ಒಳಪೊರೆಯಂಥ ಪದಾರ್ಥ ಅಂಡಾಶಯದಲ್ಲಿ ಬೆಳೆದು ಉಂಟಾಗುವ ಗಂತಿಗಳೂ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ಅವು ಸುತ್ತಲಿನ ಅಂಗಗಳಿಗೆ ಅಂಟಿಕೊಂಡುಬಿಡುವುದೇ ಇದಕ್ಕೆ ಕಾರಣ. ರೋಗ ತಾನೇ ಹಾಕಿದ ಈ ಹೊಲಿಗೆಯನ್ನು ಶಸ್ತ್ರವೈದ್ಯನು ಆರೋಗ್ಯವಂತ ಅಂಡಾಶಯಕ್ಕೆ ಬೇಕೆಂದೇ ಹಾಕಿದರೆ ಹೇಗೆ? ಉತ್ತರಕ್ಕೆ ಹೋಗುವ ಮುನ್ನ, ತಿರುಚಿಕೊಂಡ ಅಂಡಾಶಯದೊಳಗೆ ಏನಾಗುತ್ತದೆಂಬುದನ್ನು ತಿಳಿಯಬೇಕು.

ಧಮನಿಯ ಗೋಡೆ ದಪ್ಪ, ಒಳಗಿನ ಒತ್ತಡ ಹೆಚ್ಚು. ದೊಡ್ಡ ಧಮನಿಗಳಲ್ಲಿ ಅದು ಪಾದರಸದ 80ರಿಂದ 120 ಮಿಲಿಮೀಟರಿನಷ್ಟಿರುತ್ತದೆ. ಸಿರೆಯ ಗೋಡೆ ತೆಳು, ಒತ್ತಡ ಅದರ ಹತ್ತನೆಯ ಒಂದು ಭಾಗದ ಆಸುಪಾಸು. ಆದುದರಿಂದ ಕಟ್ಟು ಹುರಿಗೊಂಡಾಗ ಮೊದಲು ಮುಚ್ಚಿಹೋಗುವುದು ಸಿರೆ. ಗದ್ದೆಗೆ ನೀರು ಬರುವ ಬಾಯಿ ತೆರೆದಿದ್ದು, ಹೊರಹೋಗುವ ಬಾಯಿ ಮುಚ್ಚಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ರಕ್ತ ಒಳಗೆ ನುಗ್ಗುತ್ತಲೇ ಇರುತ್ತದೆ, ಹೊರಗೆ ಬಾರದು. ಅಂಡಾಶಯ ಊದಿ, ಕೆಂಪಾಗಿ, ನೀಲಿಯಾಗಿ, ಕೊನೆಗೆ ನೇರಳೆಹಣ್ಣಿನಂತೆ ಕಪ್ಪಾಗುತ್ತದೆ. ಊದಿದಷ್ಟೂ ಭಾರ, ಭಾರವಾದಷ್ಟೂ ತಿರುಚು. ಬಹು ಹೊತ್ತಿನ ಮೇಲೆ ಧಮನಿಯೂ ಮುಚ್ಚಿದಾಗ ಅಂಗ ನಿಜವಾಗಿ ಸಾಯತೊಡಗುತ್ತದೆ.

ರೋಗಿಗೆ ಹಠಾತ್ತನೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಜೊತೆಗೆ ಓಕರಿಕೆ, ವಾಂತಿ. ಬಲಗಡೆಯಾದರೆ ಅಪೆಂಡಿಕ್ಸಿನ ಉರಿಯೂತವೆಂದು ಭ್ರಮೆಯಾಗುವುದು ಸುಲಭ. ಮುಟ್ಟಿನ ನೋವೆಂದು ಭಾವಿಸಿ ಬಿಸಿನೀರಿನ ಶಾಖ ಕೊಟ್ಟು ಮಲಗಿಸುವ ಮನೆಗಳೂ ಇವೆ. ಅಂಡಾಶಯವು ತಾನಾಗಿಯೇ ಅರೆಬರೆ ಬಿಚ್ಚಿಕೊಂಡು ಮತ್ತೆ ತಿರುಚಿಕೊಳ್ಳುವುದರಿಂದ ನೋವು ಬಂದು ಹೋಗಿ ಮಾಡುವುದೂ ಉಂಟು. ನೋವು ನಿಂತಿತೆಂದು ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡುವುದಕ್ಕೆ ಇದೇ ಕಾರಣವಾಗುತ್ತದೆ. ಶ್ರವಣಾತೀತ ಧ್ವನಿಯ ತರಂಗಗಳಿಂದ ಚಿತ್ರ ತೆಗೆಯುವ ಅಲ್ಟ್ರಾಸೌಂಡ್ ಯಂತ್ರದಲ್ಲಿ ಊದಿದ ಅಂಡಾಶಯವೂ, ಕೆಲವೊಮ್ಮೆ ಸುಳಿಯಂತೆ ಸುತ್ತಿಕೊಂಡ ಕಟ್ಟೂ ಕಾಣಿಸುತ್ತವೆ. ಆದರೆ ಯಂತ್ರದಲ್ಲಿ ರಕ್ತದ ಹರಿವು ಕಂಡಿತೆಂದು ತಿರುಚಿಲ್ಲವೆನ್ನುವಂತಿಲ್ಲ. ಎರಡು ಕಡೆಯಿಂದ ರಕ್ತ ಬರುತ್ತದೆಂದು ಮೊದಲೇ ಹೇಳಿದೆವಷ್ಟೆ. ಸಿರೆ ಮುಚ್ಚಿದ ಮೇಲೂ ಧಮನಿಗಳು ಹರಿಯುತ್ತಿರಬಹುದು. ಸಂಶಯ ಬಲವಾಗಿದ್ದರೆ ಹೊಟ್ಟೆಯೊಳಗೆ ಇಣಿಕಿ ನೋಡುವುದೇ ಖಚಿತವಾದ ದಾರಿ.

ಇಣಿಕಿ ನೋಡಿದ ವೈದ್ಯನ ಕಣ್ಣಿಗೆ ಬೀಳುವುದು ಕರಿಯ ಗಡ್ಡೆ. ಬಹುಕಾಲದವರೆಗೆ ಇಂಥ ಅಂಡಾಶಯವನ್ನು ಸತ್ತಿತೆಂದೇ ತೀರ್ಮಾನಿಸಿ, ಬಿಡಿಸುವ ಗೋಜಿಗೂ ಹೋಗದೆ, ತಿರುಚಿದ ಕಟ್ಟಿಗೆ ಗಂಟು ಹಾಕಿ ಅಂಡನಾಳದ ಸಮೇತ ಕತ್ತರಿಸಿ ತೆಗೆಯುತ್ತಿದ್ದರು. ಇದಕ್ಕೊಂದು ಭಯವೂ ಕಾರಣ. ತಿರುಚಿದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಿಡಿಸಿದೊಡನೆ ಆ ಹೆಪ್ಪು ಹೊರಟು, ಹೃದಯವನ್ನು ಹಾದು, ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿ ರೋಗಿಯನ್ನು ಕೊಂದೀತು ಎಂಬುದೇ ಆ ಭಯ. ಕೇಳುವುದಕ್ಕೆ ಯುಕ್ತವಾದ ವಾದವೇ. ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. 1946ರಲ್ಲಿಯೇ ಇಂಗ್ಲೆಂಡಿನ ಸ್ಟಾನ್ಲಿ ವೇ ಎಂಬ ವೈದ್ಯರು ತಿರುಚಿದ ಅಂಡಾಶಯವನ್ನು ಬಿಡಿಸಿ, ಗಂತಿಯನ್ನು ಮಾತ್ರ ತೆಗೆದು, ಅಂಗವನ್ನು ಉಳಿಸುವುದನ್ನು ಕುರಿತು ಬರೆದರು. ಆದರೂ ಭಯ ಹೋಗಲಿಲ್ಲ. 1999ರಲ್ಲಿ ಅಮೆರಿಕದ ವೈದ್ಯರು ಅದುವರೆಗೆ ಪ್ರಕಟವಾಗಿದ್ದ ವರದಿಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಹೆಪ್ಪು ಶ್ವಾಸಕೋಶಕ್ಕೆ ಹೋದುದು ಸಾವಿರಕ್ಕೆ ಎರಡರಷ್ಟು ಮಾತ್ರವೆಂದೂ, ಬಿಡಿಸಿದ್ದರಿಂದ ಆ ಪ್ರಮಾಣ ಹೆಚ್ಚಲಿಲ್ಲವೆಂದೂ ತಿಳಿದುಬಂತು. ಯುಕ್ತವಾಗಿ ಕಾಣುವುದೆಲ್ಲ ನಿಜವಲ್ಲವೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ದುಬಾರಿಯಾದ ಪಾಠಗಳು ಹೆಚ್ಚಿಲ್ಲ. ಅಷ್ಟರೊಳಗೆ ಎಷ್ಟು ಅಂಡಾಶಯಗಳು ವೃಥಾ ಹೋದವೋ!

ಬಣ್ಣದ ವಿಚಾರವೂ ಹೀಗೆಯೇ. ಕಪ್ಪು ಎಂದರೆ ಸಾವಲ್ಲ, ನಿಂತ ರಕ್ತ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಅಂಡಾಶಯಗಳನ್ನು ತಿರುಚಿಟ್ಟು ಬಿಡಿಸಿ ನೋಡಿದರು: 24 ಗಂಟೆಗಳವರೆಗಿನವು ಚೇತರಿಸಿಕೊಂಡವು, 36 ಗಂಟೆ ಕಳೆದವು ಸತ್ತವು. ಮನುಷ್ಯರಿಗೆ ಇಂತಿಷ್ಟೇ ಗಂಟೆಯೆಂಬ ಗೆರೆ ಎಳೆಯಲು ಬಾರದು. ಇಸ್ರೇಲಿನ ವೈದ್ಯರು 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕರಿಯ ಅಂಡಾಶಯಗಳನ್ನು ಬಿಡಿಸಿ ಸುಮ್ಮನೆ ಒಳಗೇ ಬಿಟ್ಟ ಸ್ತ್ರೀಯರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿದವರ ಆ ಅಂಡಾಶಯಗಳು ಮುಂದೆ ಎಂದಿನಂತೆ ಅಂಡಗಳನ್ನು ಬೆಳೆಸಿದುವು. ಹರೆಯದ ಹುಡುಗಿಯರಲ್ಲಿ ಅಂಡಾಶಯ ನೋಡುವುದಕ್ಕೆ ಹೇಗೇ ಇರಲಿ, ಬಿಡಿಸಿ ಉಳಿಸಬೇಕೆಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2019ರಲ್ಲಿ ಸಲಹೆ ನೀಡಿತು.

ಆದರೆ ಉಳಿಸಿಕೊಂಡ ಅಂಗ ಮತ್ತೆ ತಿರುಚಿದರೆ? ಕತ್ತರಿಸಿ ಎಸೆಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಆ ಬದಿಯ ಮಟ್ಟಿಗೆ ಹುಟ್ಟುತ್ತಲೇ ಇರಲಿಲ್ಲ. ಉಳಿಸುವ ಕಾಲ ಬಂದ ಮೇಲೆ ಹುಟ್ಟಿತು. ಉತ್ತರ ಕಾರಣವನ್ನು ಅವಲಂಬಿಸಿದೆ. ಭಾರದಿಂದ ತಿರುಚಿದ್ದರೆ ಭಾರವನ್ನು ಇಳಿಸಿದರಾಯಿತು. ಊದಿದ ಅಂಗವನ್ನು ಆ ಕ್ಷಣದಲ್ಲಿ ಕೆದಕಿದರೆ ಹರಿದುಹೋಗುವ ಸಂಭವವಿದ್ದಲ್ಲಿ, ಬಿಡಿಸಿ ಬಿಟ್ಟು, ಆರೆಂಟು ವಾರಗಳ ಮೇಲೆ ಊತ ಇಳಿದಾಗ ಸಿಸ್ಟನ್ನು ತೆಗೆಯುತ್ತಾರೆ. ಅಂಡ ಬಿಡುಗಡೆಯ ಸಂದರ್ಭದಲ್ಲಿ ಪದೇ ಪದೇ ಹುಟ್ಟುವ ಸಿಸ್ಟುಗಳನ್ನು ಹಾರ್ಮೋನಿನ ಗುಳಿಗೆಗಳಿಂದ ತಡೆಯಲೂ ಬರುತ್ತದೆ. ಕಷ್ಟವಿರುವುದು ಯಾವ ಗಂತಿಯೂ ಇಲ್ಲದೆ ತಿರುಚಿದವರಲ್ಲಿ. ಅಲ್ಲಿ ಇಳಿಸಲು ಭಾರವಿಲ್ಲ. ತಪ್ಪು ಕಟ್ಟಿನ ಉದ್ದದ್ದು, ಅದು ಹಾಗೆಯೇ ಉಳಿಯುತ್ತದೆ. 2007ರಲ್ಲಿ ಇಸ್ರೇಲಿನ ವೈದ್ಯರು ಪ್ರಕಟಿಸಿದ ಚಿಕ್ಕದೊಂದು ಅಧ್ಯಯನದಲ್ಲಿ, ಗಂತಿಯಿದ್ದು ತಿರುಚಿದವರಲ್ಲಿ ಹತ್ತಕ್ಕೆ ಒಬ್ಬರಿಗೂ ಮರುಕಳಿಸಲಿಲ್ಲ. ಗಂತಿಯಿಲ್ಲದೆ ತಿರುಚಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮರುಕಳಿಸಿತು. ರೋಗಿಗಳ ಸಂಖ್ಯೆ ಕಡಿಮೆಯಾದುದರಿಂದ ಅಂಕಿಗಳನ್ನು ಅಕ್ಷರಶಃ ಹಿಡಿಯಬೇಕಾಗಿಲ್ಲ. ಆದರೂ ಅವು ಬೊಟ್ಟುಮಾಡುವ ದಿಕ್ಕು ನಮ್ಮ ನಿಂಬೆಹಣ್ಣಿನ ಪ್ರಯೋಗದ ದಿಕ್ಕೇ ಆಗಿದೆ.

ಮರುತಿರುಚನ್ನು ತಡೆಯುವ ಹೊಲಿಗೆಗಳು ಈ ಮರ್ಮವನ್ನೇ ಹಿಡಿದಿವೆ. ಹೊಕ್ಕುಳಿನ ಬಳಿ ಒಂದು ಸಣ್ಣ ತೂತು ಮಾಡಿ, ಹೊಟ್ಟೆಯೊಳಕ್ಕೆ ಅಂಗಾರಾಮ್ಲವಾಯುವನ್ನು ತುಂಬಿ, ಲ್ಯಾಪರಾಸ್ಕೋಪ್ ಎಂಬ ದರ್ಶಕನಳಿಗೆಯನ್ನು ಇಳಿಸುತ್ತಾರೆ. ಇನ್ನೆರಡು ಮೂರು ಕಿರುತೂತುಗಳಿಂದ ಉದ್ದನೆಯ ಚಿಮಟ, ಸೂಜಿ, ಕತ್ತರಿಗಳು ಒಳಹೋಗುತ್ತವೆ. ವೈದ್ಯನು ಪರದೆಯ ಮೇಲೆ ನೋಡುತ್ತ ಕೆಲಸ ಮಾಡುತ್ತಾನೆ.

ಮೊದಲನೆಯ ವಿಧಾನ ಒಳಕಟ್ಟನ್ನು ಗಿಡ್ಡಮಾಡುವುದು. ಅಂಡಾಶಯದ ಕಡೆಯಿಂದ ಗರ್ಭಕೋಶದ ಕಡೆಗೆ ಕಟ್ಟಿನ ಉದ್ದಕ್ಕೂ ದಾರವನ್ನು ಪೋಣಿಸುತ್ತ ಹೋಗಿ ಕೊನೆಯಲ್ಲಿ ಎಳೆದು ಗಂಟು ಹಾಕುತ್ತಾರೆ. ಲಂಗದ ಲಾಡಿಯನ್ನೆಳೆದಾಗ ಬಟ್ಟೆ ನೆರಿಗೆಗೂಡುವಂತೆ ಕಟ್ಟು ನೆರಿಗೆಗೂಡಿ ಗಿಡ್ಡವಾಗುತ್ತದೆ. ಅಂಡಾಶಯ ಗರ್ಭಕೋಶದ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಸೂಜಿ ಅಂಡಾಶಯದ ಒಳಕ್ಕೆ ಇಳಿಯಬೇಕಾಗಿಲ್ಲ, ಅಂಡನಾಳದ ಬಾಯಿ ಅಂಡಾಶಯದಿಂದ ಬೇರೆಯಾಗುವುದಿಲ್ಲ. ಉದ್ದವೇ ತಪ್ಪಾಗಿರುವಲ್ಲಿ ಉದ್ದವನ್ನೇ ತಿದ್ದುವ ಈ ವಿಧಾನ ನಮಗೆ ಅತ್ಯಂತ ತರ್ಕಬದ್ಧವಾಗಿ ಕಾಣುತ್ತದೆ.

ಎರಡನೆಯದು ಅಂಡಾಶಯವನ್ನು ಶ್ರೋಣಿಯ ಪಕ್ಕದ ಗೋಡೆಯ ಒಳಪೊರೆಗೆ ಹೊಲಿಯುವುದು. ಇದು ಭದ್ರ, ಆದರೆ ಎಚ್ಚರಿಕೆ ಹೆಚ್ಚು ಬೇಕು. ಆ ಪೊರೆಯ ಹಿಂದೆಯೇ ಮೂತ್ರಪಿಂಡದಿಂದ ಇಳಿದುಬರುವ ಮೂತ್ರನಾಳವೂ ಕಾಲಿನ ಕಡೆಗೆ ಹೋಗುವ ದೊಡ್ಡ ರಕ್ತನಾಳಗಳೂ ಇವೆ. ಸೂಜಿ ಒಂದಿಷ್ಟು ಆಳಕ್ಕೆ ಹೋದರೂ ಅನರ್ಥ. ಅಲ್ಲದೆ ಅಂಡಾಶಯವು ತಾನಿರಬೇಕಾದ ಜಾಗದಿಂದ ದೂರ ಸರಿದರೆ, ಹೊರಬಿದ್ದ ಅಂಡವನ್ನು ಬೆರಳುಗಳಂಥ ಅಂಚಿನಿಂದ ಎತ್ತಿಕೊಳ್ಳುವ ಅಂಡನಾಳಕ್ಕೆ ಅದು ಎಟುಕದೆ ಹೋಗಬಹುದು. ಮುಂದೆ ತಾಯಿಯಾಗಲೆಂದು ಉಳಿಸಿದ ಅಂಗವೇ ತಾಯ್ತನಕ್ಕೆ ಅಡ್ಡಿಯಾದರೆ ಏನು ಫಲ? ಗರ್ಭಕೋಶದ ಹಿಂಬದಿಗೋ, ಗರ್ಭಕೋಶದ ಮುಂಬದಿಯಿಂದ ತೊಡೆಸಂದಿಗೆ ಹೋಗುವ ಗುಂಡುಕಟ್ಟಿಗೋ ಅಂಡಾಶಯವನ್ನು ಹೊಲಿಯುವ ಪದ್ಧತಿಗಳೂ ಇವೆ. ಗುಣದೋಷಗಳು ಹೆಚ್ಚುಕಡಿಮೆ ಇವೇ. ಕರಗುವ ದಾರವೋ ಕರಗದ ದಾರವೋ ಎಂಬುದರಲ್ಲಿಯೂ ಏಕಾಭಿಪ್ರಾಯವಿಲ್ಲ. ಕರಗುವುದು ಹಿಡಿತ ಬಿಡಬಹುದೆಂದು ಅನೇಕರು ಕರಗದ ದಾರವನ್ನೇ ಬಳಸುತ್ತಾರೆ.

ಹಾಗಾದರೆ ತಿರುಚಿದ ಪ್ರತಿಯೊಂದು ಅಂಡಾಶಯಕ್ಕೂ ಹೊಲಿಗೆ ಹಾಕಿಬಿಡಬಾರದೇಕೆ? ಗಂಡಸರ ವೃಷಣವೂ ಹೀಗೆಯೇ ಮೂತ್ರಪಿಂಡದ ಮಗ್ಗುಲಿನಿಂದ ಇಳಿದುಬಂದು ಉದ್ದನೆಯ ಬಳ್ಳಿಯಲ್ಲಿ ತೂಗುವ ಅಂಗ, ಅದೂ ತಿರುಚಿಕೊಳ್ಳುತ್ತದೆ. ಅಲ್ಲಿ ಬಿಡಿಸಿದ ವೃಷಣವನ್ನಷ್ಟೇ ಅಲ್ಲದೆ ಆರೋಗ್ಯವಾಗಿರುವ ಇನ್ನೊಂದನ್ನೂ ಚೀಲದ ಗೋಡೆಗೆ ಹೊಲಿಯುವುದು ರೂಢಿ. ಏಕೆಂದರೆ ತಿರುಚಿಗೆ ಎಡೆಗೊಡುವ ಹುಟ್ಟುದೋಷ ಸಾಮಾನ್ಯವಾಗಿ ಎರಡು ಬದಿಯಲ್ಲಿಯೂ ಇರುತ್ತದೆ. ವೃಷಣವನ್ನು ಹೊಲಿದರೆ ಅದರ ನಾಳದ ಮಾರ್ಗ ಕೆಡುವುದೂ ಇಲ್ಲ. ಅಂಡಾಶಯದ ಸ್ಥಿತಿ ಬೇರೆ. ಅದರ ಅಂಡ ನಾಳದೊಳಗೆ ನೇರವಾಗಿ ಹುಟ್ಟುವುದಿಲ್ಲ. ಬಯಲಿಗೆ ಬಿದ್ದು ನಾಳದ ಬಾಯಿಗೆ ಸೇರಬೇಕು. ಅದಕ್ಕೆ ಒಂದಿಷ್ಟು ಸಡಿಲವಾದ ಓಡಾಟವೇ ಬೇಕು. ಜೋಲಿ ಮಗುಚುತ್ತದೆಂದು ಕೂಸನ್ನು ಕಂಬಕ್ಕೆ ಕಟ್ಟಲಾಗುತ್ತದೆಯೆ? ಇದರ ಜೊತೆಗೆ, ಹೊಲಿದವರನ್ನೂ ಹೊಲಿಯದವರನ್ನೂ ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ವಿಂಗಡಿಸಿ, ಬಹುವರ್ಷ ಹೋಲಿಸಿ ನೋಡಿದ ದೊಡ್ಡ ಪರೀಕ್ಷೆಗಳ ಆಧಾರ ಈ ಶಸ್ತ್ರಕ್ರಿಯೆಗೆ ಇಲ್ಲ. ರೋಗ ಅಪರೂಪವಾದುದರಿಂದ ಅಂಥ ಪರೀಕ್ಷೆ ನಡೆಸುವುದೂ ಸುಲಭವಲ್ಲ.

ಆದುದರಿಂದ ವೈದ್ಯರು ಆರಿಸಿ ಹೊಲಿಯುತ್ತಾರೆ: ಅದೇ ಅಂಡಾಶಯ ಎರಡನೆಯ ಸಲ ತಿರುಚಿಕೊಂಡು ಬಂದವರು, ಗಂತಿಯಿಲ್ಲದೆ ತಿರುಚಿದವರಲ್ಲಿ ಒಳಕಟ್ಟು ಕಣ್ಣಿಗೆ ಕಾಣುವಷ್ಟು ಉದ್ದವಾಗಿರುವವರು. ಎಲ್ಲಕ್ಕಿಂತ ಮುಖ್ಯವಾಗಿ, ಈಗಾಗಲೇ ಒಂದು ಅಂಡಾಶಯವನ್ನು ಕಳೆದುಕೊಂಡವರು. ಹನ್ನೆರಡು ವರ್ಷದ ಹುಡುಗಿಯೊಬ್ಬಳಿಗೆ ಒಂದು ಬದಿ ಹೋಗಿ ಇನ್ನೊಂದು ಬದಿಯೂ ತಿರುಚಿದರೆ, ಅಲ್ಲಿ ಹೋಗುವುದು ಒಂದು ಬಾದಾಮಿಯ ಗಾತ್ರದ ಅಂಗವಲ್ಲ. ಅವಳ ಹರೆಯದ ಬೆಳವಣಿಗೆ, ಎಲುಬಿನ ಗಟ್ಟಿತನ, ಮುಂದೆ ತನ್ನದೇ ಅಂಡದಿಂದ ಮಗುವನ್ನು ಪಡೆಯುವ ಆಸೆ, ಎಲ್ಲವೂ. ಅಂಥವಳಲ್ಲಿ ಹೊಲಿಗೆಯ ಸಣ್ಣಪುಟ್ಟ ದೋಷಗಳನ್ನು ಎಣಿಸುತ್ತ ಕೂಡುವುದು ಸರಿಯೆಂದು ನಮಗೆ ತೋರುವುದಿಲ್ಲ.

ಹೊಲಿಗೆ ಹಾಕಿದ ಮೇಲೆಯೂ ಅಲ್ಲೊಂದು ಇಲ್ಲೊಂದು ಅಂಡಾಶಯ ಮತ್ತೆ ತಿರುಚಿಕೊಂಡ ವರದಿಗಳುಂಟು. ದಾರ ಜಾರಿರಬಹುದು, ಮೃದುವಾದ ಅಂಗ ಹೊಲಿಗೆಯ ಬಳಿ ಹರಿದುಕೊಂಡಿರಬಹುದು. ಆದಕಾರಣ ಇಂಥ ಶಸ್ತ್ರಕ್ರಿಯೆಯಾದ ಹುಡುಗಿಗೆ ಎಷ್ಟೋ ವರ್ಷಗಳ ಮೇಲೆ ಅದೇ ಬದಿಯಲ್ಲಿ ಅದೇ ಬಗೆಯ ನೋವು ವಾಂತಿಯೊಡನೆ ಕಾಣಿಸಿಕೊಂಡರೆ, ಹೊಲಿಗೆಯಿದೆಯೆಂಬ ನೆಚ್ಚಿಕೆಯ ಮೇಲೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೊದಲನೆಯ ಶಸ್ತ್ರಕ್ರಿಯೆಯ ಕಾಗದಗಳು ಜೊತೆಯಲ್ಲಿದ್ದರೆ ಯಾವ ಕಟ್ಟನ್ನು ಎಲ್ಲಿ ಹೊಲಿದಿದೆಯೆಂಬುದು ಅಲ್ಲಿನ ವೈದ್ಯನಿಗೆ ಒಡನೆಯೇ ತಿಳಿಯುತ್ತದೆ.